ಕನೋವಾನ ಕ್ಯುಪಿಡ್ ಮತ್ತು ಸೈಕಿ: ಎದುರಿನಿಂದ ನೋಡಬೇಕೋ, ಬೆನ್ನ ಕಡೆಯಿಂದಲೋ?

ತುಂಗಾತೀರ:

ಇಟಲಿಯ ಶಿಲ್ಪಿ ಆಂಟೋನಿಯೋ ಕನೋವಾ ಕೆತ್ತಿದ ‘ಕ್ಯುಪಿಡ್‌ನ ಮುತ್ತಿನಿಂದ ಎಚ್ಚೆತ್ತ ಸೈಕಿ’ಯ ಹೆಸರು ಗೊತ್ತಿಲ್ಲದವರೂ ಅದರ ಚಿತ್ರವನ್ನು ನೋಡಿರುತ್ತೀರಿ. ಶುಭಾಶಯ ಪತ್ರ, ಕ್ಯಾಲೆಂಡರ್, ಕಲಾಪುಸ್ತಕದ ಮುಖಪುಟ, ಎಲ್ಲೆಡೆಯೂ ಅದೇ. ರೆಕ್ಕೆಗಳನ್ನು ಮೇಲೆತ್ತಿದ ಹುಡುಗನೊಬ್ಬ ಬಾಗಿದ್ದಾನೆ, ಅವನೇ ರೋಮನ್ನರ ಪ್ರೇಮದೇವ ಕ್ಯುಪಿಡ್. ಬಂಡೆಯ ಮೇಲೆ ಒರಗಿದ ಹುಡುಗಿ, ಸೈಕಿ, ಕತ್ತನ್ನು ಹಿಂದಕ್ಕೆ ಚೆಲ್ಲಿ, ಎರಡೂ ತೋಳುಗಳನ್ನೆತ್ತಿ ಅವನ ತಲೆಯನ್ನು ಸುತ್ತುವರಿದಿದ್ದಾಳೆ. ಪ್ಯಾರಿಸ್‌ನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿರುವ ಈ ಕೃತಿಗೆ ಬೇಡಿಕೆ ಬಂದದ್ದು 1787ರಲ್ಲಿ, ಮುಗಿದದ್ದು 1793ರಲ್ಲಿ. ಎತ್ತರ 155 ಸೆಂಟಿಮೀಟರ್, ಅಗಲ 168.

ನನ್ನ ತಕರಾರು ಶಿಲ್ಪದ ಬಗ್ಗೆ ಅಲ್ಲ, ಆ ಚಿತ್ರದ ಬಗ್ಗೆ. ಎಲ್ಲರೂ ಒಂದೇ ಬದಿಯಿಂದ ತೆಗೆಯುತ್ತಾರೆ. ಆ ಬದಿಯಿಂದ ನೋಡಿದರೆ ಇದು ಬರೀ ಇಬ್ಬರು ಪ್ರೇಮಿಗಳ ಸರಸ. ಹಿಂದಕ್ಕೆ ಹೋಗಿ ನಿಂತರೆ ಸೈಕಿಯ ಪಕ್ಕದಲ್ಲಿ ಒಂದು ಪಾತ್ರೆ ಕಾಣುತ್ತದೆ, ಕ್ಯುಪಿಡ್‌ನ ಬತ್ತಳಿಕೆ ಕಾಣುತ್ತದೆ. ಆಗ ಗೊತ್ತಾಗುತ್ತದೆ, ಇದು ಸರಸವಲ್ಲ. ಸತ್ತಂತೆ ಬಿದ್ದವಳನ್ನು ಎಬ್ಬಿಸುತ್ತಿರುವ ಗಳಿಗೆ. ಕಥೆಯೆಲ್ಲ ಬೆನ್ನ ಕಡೆ ಇದೆ, ನಾವು ನೋಡುವುದು ಮುಖದ ಕಡೆ. ಹಾಗಾದರೆ ಕನೋವಾ ಇದನ್ನು ಯಾವ ಕಡೆಯಿಂದ ನೋಡಲೆಂದು ಮಾಡಿದ? ತಿಳಿದವರು ಹೇಳಿ.

ನಿವೃತ್ತ ಮೇಷ್ಟರು:

ಕಥೆ ಗೊತ್ತಿಲ್ಲದೆ ಶಿಲ್ಪದ ಬಗ್ಗೆ ಜಗಳವಾಡುವುದು ನಮ್ಮ ವೇದಿಕೆಯ ಹಳೆಯ ಚಾಳಿ. ಆದ್ದರಿಂದ ಮೊದಲು ಕಥೆ.

ಎರಡನೆಯ ಶತಮಾನದಲ್ಲಿ ಉತ್ತರ ಆಫ್ರಿಕದ ಮದೌರಾ ಎಂಬ ಊರಿನ ಅಪುಲಿಯಸ್ ಎಂಬಾತ ಲ್ಯಾಟಿನ್‌ನಲ್ಲಿ ಒಂದು ದೊಡ್ಡ ಕಥಾಗ್ರಂಥ ಬರೆದ. ಆ ಊರು ಇಂದಿನ ಅಲ್ಜೀರಿಯದಲ್ಲಿದೆ. ಗ್ರಂಥದ ನಡುವೆ ಕಳ್ಳರ ಗುಹೆಯೊಂದರಲ್ಲಿ, ಸೆರೆಸಿಕ್ಕ ಹುಡುಗಿಯ ಅಳು ನಿಲ್ಲಿಸಲು ಒಬ್ಬ ಮುದುಕಿ ಈ ಕಥೆ ಹೇಳುತ್ತಾಳೆ. ಅಂದರೆ ಇದು ಅಜ್ಜಿಕಥೆಯಾಗಿಯೇ ಹುಟ್ಟಿದ್ದು. ಒಬ್ಬ ರಾಜನಿಗೆ ಮೂವರು ಹೆಣ್ಣುಮಕ್ಕಳು. ಕಿರಿಯವಳು ಸೈಕಿ. ಅವಳ ಚೆಲುವು ನೋಡಿ ಜನ ವೀನಸ್ ದೇವಿಯ ಪೂಜೆಯನ್ನೇ ಬಿಟ್ಟರು. ದೇವಿಗೆ ಉರಿ ಹತ್ತಿತು. ಇವಳಿಗೆ ಲೋಕದ ಅತ್ಯಂತ ನೀಚನ ಮೇಲೆ ಮೋಹ ಹುಟ್ಟಿಸು ಎಂದು ಮಗ ಕ್ಯುಪಿಡ್‌ನನ್ನು ಕಳುಹಿಸಿದಳು. ಮಗ ತಾನೇ ಮರುಳಾದ. ಕತ್ತಲಲ್ಲಿ ಮಾತ್ರ ಬರುವ, ಮುಖ ತೋರದ ಗಂಡನಾದ. ಅಕ್ಕಂದಿರು ಚುಚ್ಚಿಕೊಟ್ಟರು: ನಿನ್ನ ಗಂಡ ಹಾವೇ ಇರಬೇಕು, ದೀಪ ಹಚ್ಚಿ ನೋಡು. ನೋಡಿದಳು. ದೀಪದ ಎಣ್ಣೆಯ ಹನಿ ಅವನ ಹೆಗಲನ್ನು ಸುಟ್ಟಿತು, ಅವನು ಹಾರಿಹೋದ.

ಆಮೇಲೆ ಅತ್ತೆಯ ಕಾಟ. ರಾಶಿ ಬೆರೆಸಿದ ಕಾಳುಗಳನ್ನು ಬೇರೆಬೇರೆ ಮಾಡು ಎಂದಳು, ಇರುವೆಗಳು ಸಹಾಯ ಮಾಡಿದವು. ಚಿನ್ನದ ಉಣ್ಣೆ ತಾ ಎಂದಳು, ಜೊಂಡುಹುಲ್ಲು ಉಪಾಯ ಹೇಳಿಕೊಟ್ಟಿತು. ಸ್ಟಿಕ್ಸ್ ನದಿಯ ನೀರು ತಾ ಎಂದಳು, ಹದ್ದು ತಂದುಕೊಟ್ಟಿತು. ಕೊನೆಗೆ ಪಾತಾಳಕ್ಕೆ ಹೋಗಿ ಪ್ರಾಸರ್ಪಿನಾ ರಾಣಿಯಿಂದ ಒಂದಿಷ್ಟು ಸೌಂದರ್ಯವನ್ನು ಕರಂಡಕದಲ್ಲಿ ತಾ, ಮುಚ್ಚಳ ಮಾತ್ರ ತೆರೆಯಬೇಡ ಎಂದಳು. ಪಾತಾಳದಿಂದ ಬದುಕಿ ಬಂದ ಹುಡುಗಿ ಬೆಳಕು ಕಂಡ ಕೂಡಲೇ ಮುಚ್ಚಳ ತೆರೆದಳು. ಒಳಗಿದ್ದದ್ದು ಸೌಂದರ್ಯವಲ್ಲ, ಮರಣದಂಥ ನಿದ್ದೆ. ಅಲ್ಲೇ ಕುಸಿದಳು.

ಈಗ ಮುಖ್ಯ ಸಂಗತಿ. ಅಪುಲಿಯಸ್‌ನಲ್ಲಿ ಇಲ್ಲಿ ಮುತ್ತೇ ಇಲ್ಲ. ಗಾಯ ವಾಸಿಯಾದ ಕ್ಯುಪಿಡ್ ಕಿಟಕಿಯಿಂದ ಹಾರಿ ಬಂದು, ಅವಳ ಮೇಲೆ ಕವಿದ ನಿದ್ದೆಯನ್ನು ಒರೆಸಿ ತೆಗೆದು, ಮತ್ತೆ ಕರಂಡಕದಲ್ಲಿ ತುಂಬಿ, ಬಾಣದ ಮೊನೆಯಿಂದ ನೋವಾಗದಂತೆ ಚುಚ್ಚಿ ಎಬ್ಬಿಸುತ್ತಾನೆ. ನಮ್ಮ ಮನ್ಮಥನ ಬಾಣ ಶಿವನ ತಪಸ್ಸನ್ನು ಕೆಡಿಸಿತು, ಈ ಮನ್ಮಥನ ಬಾಣ ನಿದ್ದೆಯನ್ನು ಕೆಡಿಸಿತು. ಮುತ್ತು ಕೃತಿಯ ಹೆಸರಿನಲ್ಲಿದೆ, ಮೂಲಕಥೆಯಲ್ಲಿಲ್ಲ.

ಅರೆಬೆಳಕು:

ಕಲ್ಲಿನಲ್ಲೂ ಇಲ್ಲ ಮೇಷ್ಟರೇ. ಎರಡು ತುಟಿಗಳ ನಡುವೆ ಅಂತರವಿದೆ. ಮುತ್ತು ಆಗಿಲ್ಲ, ಆಗಲಿದೆ.

ನೀಲಿಶಾಯಿ:

ನನಗೆ ಈ ಶಿಲ್ಪದ ಮೇಲೆ ಮೊದಲಿನಿಂದಲೂ ಸಿಟ್ಟಿದೆ, ಮೇಷ್ಟರು ಕಥೆ ಹೇಳಿದ ಮೇಲೆ ಹೆಚ್ಚಾಯಿತು. ಒಬ್ಬ ಹುಡುಗಿ ಕಾಳು ಆರಿಸಿದಳು, ಉಣ್ಣೆ ತಂದಳು, ಪಾತಾಳಕ್ಕೆ ನಡೆದುಹೋಗಿ ನಡೆದುಬಂದಳು. ಇಡೀ ಕಥೆಯಲ್ಲಿ ಕೈಕಾಲು ಆಡಿಸಿದವಳು ಅವಳೊಬ್ಬಳೇ. ಗಂಡ ಅಮ್ಮನ ಮನೆಯಲ್ಲಿ ಹೆಗಲ ಗಾಯಕ್ಕೆ ಆರೈಕೆ ಮಾಡಿಸಿಕೊಳ್ಳುತ್ತಿದ್ದ. ಶಿಲ್ಪಿ ಆರಿಸಿಕೊಂಡದ್ದು ಯಾವ ಗಳಿಗೆಯನ್ನು? ಅವಳು ಸೋತು ಬಿದ್ದಿರುವ, ಅವನು ಬಂದು ಕಾಪಾಡುವ ಗಳಿಗೆಯನ್ನು. ಅದಕ್ಕೆ ಮೇಲಿಂದ ಸಿಹಿ ಬೇರೆ ಸುರಿದಿದ್ದಾನೆ. ಇಬ್ಬರ ಮೈಯಲ್ಲೂ ಒಂದು ಮೂಳೆ ಇದ್ದಂತೆ ಕಾಣುವುದಿಲ್ಲ. ಮದುವೆ ಛತ್ರಗಳ ಬಾಗಿಲಲ್ಲಿ ಇದರ ಫೈಬರ್ ಪ್ರತಿಗಳನ್ನು ನಿಲ್ಲಿಸುತ್ತಾರೆ ಎಂದರೆ ಅದು ಛತ್ರದವರ ತಪ್ಪಲ್ಲ. ಕೃತಿಯೊಳಗೇ ಆ ಗುಣವಿದೆ.

ರೈನ್‌ದಂಡೆ:

ನೀಲಿಶಾಯಿ ಅವರ ಸಿಟ್ಟು ಹೊಸದಲ್ಲ. ಕನೋವಾ ಬದುಕಿದ್ದಾಗಲೇ ಕಾರ್ಲ್ ಲುಡ್ವಿಗ್ ಫೆರ್ನೋ ಎಂಬ ಜರ್ಮನ್ ವಿಮರ್ಶಕ ರೋಮ್‌ನಲ್ಲಿ ವರ್ಷಗಟ್ಟಲೆ ಇದ್ದು, 1806ರಲ್ಲಿ ಕನೋವಾನ ಮೇಲೆ ಖಾರವಾಗಿ ಬರೆದ. ತುಂಗಾತೀರ ಅವರ ಪ್ರಶ್ನೆಗೂ ಅಲ್ಲಿ ಉತ್ತರದ ಒಂದು ತುದಿ ಸಿಗುತ್ತದೆ. ಈ ಶಿಲ್ಪದ ಸುತ್ತ ಓಡಾಡಬೇಕು, ಬಗ್ಗಿ ನೋಡಬೇಕು, ಎದ್ದು ನೋಡಬೇಕು, ಆದರೂ ಎಲ್ಲವೂ ಒಟ್ಟಾಗಿ ದಕ್ಕುವ ಒಂದು ಜಾಗ ಸಿಗುವುದಿಲ್ಲ ಎಂಬುದು ಅವನ ದೂರು. ಅವನ ಮಟ್ಟಿಗೆ ಅದು ದೋಷ.

ಏಕೆ ದೋಷ ಎಂಬುದಕ್ಕೆ ಹಿನ್ನೆಲೆ ಬೇಕು. ಹರ್ಕ್ಯುಲೇನಿಯಂನಲ್ಲಿ 1738ರಿಂದ, ಪಾಂಪೇಯಿಯಲ್ಲಿ 1748ರಿಂದ ಉತ್ಖನನ ನಡೆದು, ಬೂದಿಯಡಿಯ ರೋಮನ್ ಊರುಗಳು ಹೊರಗೆ ಬಂದಿದ್ದವು. ವಿಂಕಲ್‌ಮನ್ ಎಂಬ ಜರ್ಮನ್ ವಿದ್ವಾಂಸ ಗ್ರೀಕರ ಕಲೆಯ ಗುಣವೆಂದರೆ ಉದಾತ್ತ ಸರಳತೆ ಮತ್ತು ಶಾಂತ ಗಾಂಭೀರ್ಯ ಎಂದು ಸಾರಿದ್ದ. ಅದಕ್ಕೆ ಮುಂಚಿನ ಬರೋಕ್ ಶಿಲ್ಪಗಳ ತಿರುಚಾಟ, ಕಣ್ಣೀರು, ಹಾರುವ ಬಟ್ಟೆಗಳಿಂದ ಬೇಸತ್ತವರಿಗೆ ಅದೇ ಶಾಸ್ತ್ರವಾಯಿತು. ಶಿಲ್ಪವೆಂದರೆ ಎದುರಿಗೆ ನಿಂತಾಗ ಇಡಿಯಾಗಿ ಅರ್ಥವಾಗಬೇಕು. ಕನೋವಾನನ್ನು ಆ ಪಂಥದ ನಾಯಕ ಎಂದು ಎಲ್ಲರೂ ಹೊಗಳುತ್ತಿದ್ದರು. ಆ ನಾಯಕನೇ ಸುತ್ತಿಸಿ ಸುತ್ತಿಸಿ ನೋಡಿಸುವ ಶಿಲ್ಪ ಮಾಡಿದರೆ ಶಾಸ್ತ್ರಿಗಳಿಗೆ ಕೋಪ ಬರದಿರುತ್ತದೆಯೇ?

ಭಂಗಿ ಮಾತ್ರ ಹಳೆಯದೇ. ಹರ್ಕ್ಯುಲೇನಿಯಂನ ಒಂದು ಗೋಡೆಚಿತ್ರದಲ್ಲಿ ಫಾನ್ ಎಂಬ ವನದೇವತೆಯೊಬ್ಬ ಮದ್ಯದೇವ ಬ್ಯಾಕಸ್‌ನ ಭಕ್ತೆಯನ್ನು ಅಪ್ಪಿಕೊಳ್ಳುತ್ತಿರುವ ದೃಶ್ಯವಿದೆ. ಕನೋವಾ ಅದರಿಂದ ಎಳೆ ತೆಗೆದುಕೊಂಡ. ಕೃತಿ ಬೇಕೆಂದು ಕೇಳಿದವನು ಜಾನ್ ಕ್ಯಾಂಬೆಲ್ ಎಂಬ ಬ್ರಿಟಿಷ್ ಕರ್ನಲ್. ಆದರೆ ಅದು ಅವನ ಮನೆ ಸೇರಲೇ ಇಲ್ಲ. ಕೊನೆಗೆ ಕೊಂಡವನು ನೆಪೋಲಿಯನ್‌ನ ತಂಗಿಯ ಗಂಡ, ಸೇನಾನಿ ಜೋಕಿಮ್ ಮ್ಯುರಾ. ಮುಂದೆ ನೇಪಲ್ಸ್‌ನ ರಾಜನಾಗಿ, 1815ರಲ್ಲಿ ಗುಂಡೇಟಿನ ಮರಣದಂಡನೆಗೆ ಒಳಗಾದವನು. ಶಿಲ್ಪ 1824ರಲ್ಲಿ ಲೂವ್ರ್‌ಗೆ ಬಂತು. ರಷ್ಯಾದ ರಾಜಕುಮಾರ ಯುಸುಪೊವ್‌ಗಾಗಿ ಕನೋವಾ 1796ರಲ್ಲಿ ಮುಗಿಸಿಕೊಟ್ಟ ಎರಡನೆಯದು ಈಗ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್‌ನಲ್ಲಿದೆ.

ಉಳಿಪೆಟ್ಟು:

ನಾನು ಕೃಷ್ಣಶಿಲೆಯಲ್ಲಿ ದೇವರ ವಿಗ್ರಹಗಳನ್ನು ಕೆತ್ತುವವನು. ಈ ಕಥೆ ನನಗೆ ಮೇಷ್ಟರಿಂದಲೇ ತಿಳಿದದ್ದು. ಆದರೆ ಮೂಳೆ ಇಲ್ಲ ಎಂಬ ಮಾತಿಗೆ ಒಂದು ಉತ್ತರ ಹೇಳಬೇಕು.

ಆ ಶಿಲ್ಪದ ತೋಳುಗಳನ್ನು ನೋಡಿ. ನಾಲ್ಕು ತೋಳುಗಳು, ಎರಡು ತಲೆಗಳು, ಅವುಗಳ ನಡುವೆ ಬರೀ ಗಾಳಿ. ಅಷ್ಟು ಜಾಗದ ಕಲ್ಲನ್ನೆಲ್ಲ ಒಳಗಿನಿಂದ ತೆಗೆಯಬೇಕು. ಅಮೃತಶಿಲೆ ಹೊರೆಯನ್ನು ತಡೆಯುತ್ತದೆ, ಎಳೆತವನ್ನು ತಡೆಯುವುದಿಲ್ಲ. ಅಡಿಯಲ್ಲಿ ಆಧಾರವಿಲ್ಲದೆ ಚಾಚಿದ ತೋಳಿನ ಮೇಲೆ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದರೆ ಅದು ಬುಡದಲ್ಲಿ ಮುರಿಯುತ್ತದೆ. ಆದ್ದರಿಂದ ಇಂಥ ಕಡೆ ಉಳಿಯ ಕೆಲಸ ಬೇಗ ಮುಗಿದು ಬೈರಿಗೆ, ಅರ, ಉಜ್ಜುಗಲ್ಲುಗಳ ಕೆಲಸ ಆರಂಭವಾಗುತ್ತದೆ. ಸಾಲಾಗಿ ತೂತು ಕೊರೆದು, ತೂತುಗಳ ನಡುವಿನ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಬಿಡಿಸಬೇಕು. ತೋಳಿಗೂ ಮೈಗೂ ನಡುವೆ ಅಲ್ಲಲ್ಲಿ ಆಸರೆಯ ಕಲ್ಲನ್ನು ಕೊನೆಯವರೆಗೆ ಬಿಟ್ಟುಕೊಳ್ಳುವುದು ನಮ್ಮಲ್ಲೂ ರೂಢಿ. ಆಸರೆ ತೆಗೆಯುವ ದಿನ ಅಂಗಡಿಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ.

ಇನ್ನು ಭಾರ ಎಲ್ಲಿ ಇಳಿದಿದೆ ನೋಡಿ. ಹುಡುಗನ ಒಂದು ಮೊಣಕಾಲು ಬಂಡೆಯ ಮೇಲಿದೆ, ಇನ್ನೊಂದು ಕಾಲು ಹಿಂದಕ್ಕೆ ಚಾಚಿ ಬೆರಳ ತುದಿಯಲ್ಲಿ ನೆಲಕ್ಕೆ ತಾಗಿದೆ. ಹುಡುಗಿಯ ಮೈ ಬಂಡೆಯ ಮೇಲೆ ಒರಗಿದೆ. ರೆಕ್ಕೆಗಳು ಒಂದು ಕಡೆಗೆ ಎಳೆದರೆ ಕಾಲುಗಳು ಇನ್ನೊಂದು ಕಡೆಗೆ ಎಳೆಯುತ್ತವೆ. ಒಟ್ಟು ಆಕಾರ ಗುಣಾಕಾರದ ಗುರುತಿನಂತೆ ಅಡ್ಡಡ್ಡ ಹಾಯುತ್ತದೆ, ಅದು ಹಾಯುವ ಜಾಗದ ಹತ್ತಿರವೇ ಎರಡು ಮುಖಗಳಿವೆ. ಮೆತ್ತಗೆ ಕಾಣುವಂತೆ ಮಾಡಿದ್ದಾನೆ, ನಿಜ. ಮೆತ್ತಗೆ ನಿಲ್ಲಿಸಿಲ್ಲ.

ರೈನ್‌ದಂಡೆ:

ಬೈರಿಗೆಯ ಮಾತು ಬಂದದ್ದರಿಂದ ಹೇಳುತ್ತೇನೆ. ವರ್ಷಗಟ್ಟಲೆ ಬೈರಿಗೆಯನ್ನು ಎದೆಗೆ ಒತ್ತಿ ಹಿಡಿದು ಕೆಲಸ ಮಾಡಿದ್ದರಿಂದ ಕನೋವಾನ ಪಕ್ಕೆಲುಬುಗಳೇ ತಗ್ಗಾಗಿದ್ದವು ಎಂದು ಜೀವನಚರಿತ್ರೆಕಾರರು ಬರೆಯುತ್ತಾರೆ. 1757ರಲ್ಲಿ ವೆನಿಸ್ ಸೀಮೆಯ ಪೊಸ್ಸಾನ್ಯೊ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವನು. ಎಳವೆಯಲ್ಲೇ ತಂದೆ ಸತ್ತ, ತಾಯಿ ಬೇರೆ ಮದುವೆಯಾದಳು, ಕಲ್ಲುಕುಟಿಗನಾದ ಅಜ್ಜ ಬೆಳೆಸಿದ. ಅರಮನೆಯವರ ಶಿಲ್ಪಿ ಎಂದುಕೊಂಡವರು ಇದನ್ನೂ ನೆನಪಿಡಬೇಕು.

ಸುಮ್ಮನೋದುಗ:

ಬೇಲೂರಿನ ಮದನಿಕೆಯರನ್ನು ಮನೆ ಬಾಗಿಲಲ್ಲಿ ಇಟ್ಟುಕೊಂಡು ಪ್ಯಾರಿಸ್‌ನ ಕಲ್ಲಿಗೆ ಇಷ್ಟೊಂದು ಮಾತೇ? ಅವರ ಆಭರಣದ ಒಂದು ಎಳೆಗೆ ಇದು ಸಮವಲ್ಲ.

ಉಳಿಪೆಟ್ಟು:

ಸ್ವಾಮಿ, ಎರಡೂ ಬೇರೆ ಕಲ್ಲು, ಬೇರೆ ಕೆಲಸ. ಬೇಲೂರಿನದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದು, ಸೂಕ್ಷ್ಮ ಕುಸುರಿಗೆ ಹೇಳಿಮಾಡಿಸಿದ್ದು. ಮದನಿಕೆಯರು ಕಂಬದ ಮೇಲೆ, ಛಾವಣಿಯ ಅಡಿಯಲ್ಲಿ ಓರೆಯಾಗಿ ನಿಲ್ಲುವವರು. ಅವರನ್ನು ಕೆಳಗಿನಿಂದ, ಎದುರಿನಿಂದ ನೋಡಬೇಕು. ಸುತ್ತ ತಿರುಗಿ ಬೆನ್ನು ನೋಡುವ ಪ್ರಶ್ನೆಯೇ ಅಲ್ಲಿಲ್ಲ. ಇಲ್ಲಿ ಚರ್ಚೆಯಾಗುತ್ತಿರುವುದು ಬೆನ್ನಿನ ವಿಷಯ.

ಅರೆಬೆಳಕು:

ತುಂಗಾತೀರ ಅವರ ಮೂಲ ಪ್ರಶ್ನೆಗೆ ಕಲ್ಲಿನಲ್ಲೇ ಒಂದು ಸಾಕ್ಷಿ ಇದೆ, ಯಾರೂ ಹೇಳಲಿಲ್ಲ. ಲೂವ್ರ್‌ನ ಶಿಲ್ಪದ ಪೀಠದ ಬಳಿ, ಸೈಕಿಯ ಪಾದದ ಹತ್ತಿರ, ಒಂದು ಲೋಹದ ಹಿಡಿ ಇದೆ. ಅದನ್ನು ಹಿಡಿದು ಇಡೀ ಶಿಲ್ಪವನ್ನು ತಿರುಗಿಸಬಹುದಾಗಿತ್ತು. ಈಗ ಯಾರೂ ತಿರುಗಿಸುವುದಿಲ್ಲ ಅನ್ನಿ. ಆ ಕಾಲದಲ್ಲಿ ನೋಡುವವರು ಕುರ್ಚಿಯಲ್ಲಿ ಕುಳಿತಿದ್ದರೂ ಶಿಲ್ಪವೇ ತಿರುಗಿ ತನ್ನ ಬೆನ್ನು, ಮಗ್ಗುಲು, ಮುಖಗಳನ್ನು ತೋರಿಸುತ್ತಿತ್ತು. ಒಂದೇ ಕೋನದಿಂದ ನೋಡಬೇಕಾದ ಕೃತಿಗೆ ಹಿಡಿ ಏಕೆ ಬೇಕು? ಫೆರ್ನೋನ ದೂರಿಗೆ ಆ ಹಿಡಿಯೇ ಜವಾಬು.

ಇನ್ನೊಂದು ಸಂಗತಿ ಬೆಳಕಿನದು. ಕನೋವಾ ಮೇಲ್ಮೈಯ ಕೊನೆಯ ಕೆಲಸವನ್ನು ಮೇಣದಬತ್ತಿಯ ಬೆಳಕಿನಲ್ಲಿ ಮಾಡುತ್ತಿದ್ದ. ಬೆಳಕು ಪಕ್ಕದಿಂದ, ತಗ್ಗಿನಿಂದ ಬಿದ್ದಾಗ ಮೇಲ್ಮೈಯ ಚಿಕ್ಕ ಉಬ್ಬುತಗ್ಗೂ ನೆರಳು ಚೆಲ್ಲುತ್ತದೆ. ಹಗಲಿನಲ್ಲಿ ಕಣ್ಣು ತಪ್ಪಿಸಿಕೊಂಡ ದೋಷ ಆಗ ಕೈಗೆ ಸಿಗುತ್ತದೆ. ಅತಿಥಿಗಳಿಗೆ ರಾತ್ರಿ ಪಂಜಿನ ಬೆಳಕಿನಲ್ಲಿ ಶಿಲ್ಪ ತೋರಿಸುವ ಪದ್ಧತಿಯೂ ಇತ್ತು. ಈಗ ನಾವು ನೋಡುವ ಫೋಟೋಗಳಲ್ಲಿ ನಾಲ್ಕೂ ಕಡೆಯಿಂದ ಸಮನಾದ ಬೆಳಕು. ಮೂಳೆ ಕಾಣದಿರುವುದಕ್ಕೆ ಅರ್ಧ ಕಾರಣ ಅದೇ ಎಂದು ಛಾಯಾಗ್ರಾಹಕನಾಗಿ ನನ್ನ ಅನುಮಾನ. ಕಿಟಕಿಯ ಬೆಳಕು ಹಿಂದಿನಿಂದ ಬಿದ್ದಾಗ ರೆಕ್ಕೆಯ ಅಂಚು ಬೆಳಕನ್ನು ಒಳಗೆ ಬಿಟ್ಟುಕೊಂಡು ಹಳದಿಯಾಗಿ ಹೊಳೆಯುತ್ತದೆ. ಅಷ್ಟು ತೆಳುವಾಗಿ ತಂದಿದ್ದಾನೆ.

ತುಂಗಾತೀರ:

ಹಿಡಿಯ ವಿಷಯಕ್ಕೆ ಧನ್ಯವಾದ. ಹಾಗಾದರೆ ಕ್ರಮವೂ ಮುಖ್ಯವಾಗುತ್ತದೆ. ಮೊದಲು ಮುಖ ನೋಡಿ ಪ್ರೇಮಿಗಳು ಅಂದುಕೊಳ್ಳುತ್ತೇವೆ. ತಿರುಗಿದಾಗ ಬತ್ತಳಿಕೆ ಕಂಡು ಇವನು ಯಾರೆಂದು ಗೊತ್ತಾಗುತ್ತದೆ. ಆಮೇಲೆ ಪಾತ್ರೆ ಕಂಡು ಇವಳಿಗೆ ಏನಾಗಿತ್ತೆಂದು ಗೊತ್ತಾಗುತ್ತದೆ. ಮತ್ತೆ ಮುಖಕ್ಕೆ ಬಂದಾಗ ಅದೇ ತೋಳುಗಳು ಬೇರೆ ಥರ ಕಾಣುತ್ತವೆ. ಅವು ಆಲಿಂಗನಕ್ಕೆ ಎತ್ತಿದ ತೋಳುಗಳಲ್ಲ. ಈಗ ತಾನೇ ಜೀವ ಬಂದು, ಇನ್ನೂ ಪೂರ್ತಿ ಹಿಡಿತ ಸಿಗದ ತೋಳುಗಳು. ಬೆರಳುಗಳು ಅವನ ಕೂದಲನ್ನು ಗಟ್ಟಿಯಾಗಿ ಹಿಡಿದಿಲ್ಲ, ಗಮನಿಸಿ. ಮೇಷ್ಟರು ಹೇಳಿದ ಕರಂಡಕವನ್ನು ಕನೋವಾ ಕತ್ತಿರುವ ಪಾತ್ರೆಯಾಗಿ ಬದಲಾಯಿಸಿದ್ದಾನೆ. ಬಹುಶಃ ದೂರದಿಂದ ಗುರುತು ಸಿಗಲಿ ಎಂದಿರಬೇಕು.

ನೀಲಿಶಾಯಿ:

ಸರಿ, ತಿರುಗಿಸಿ ನೋಡುತ್ತೇನೆ. ಆದರೆ ‘ಕನೋವಾ ತೆಳುವಾಗಿ ತಂದಿದ್ದಾನೆ’, ‘ಕನೋವಾ ಕೊರೆದಿದ್ದಾನೆ’ ಎನ್ನುತ್ತಿದ್ದೀರಲ್ಲ, ಅದರಲ್ಲಿ ಅವನ ಕೈಯೆಷ್ಟು? ಅವನ ಕಾರ್ಯಾಗಾರದಲ್ಲಿ ಸಹಾಯಕರ ದಂಡೇ ಇತ್ತು. ಅವನು ಮೊದಲು ಅಂಗೈಯಗಲದ ಜೇಡಿಮಣ್ಣಿನ ಕರಡು ಮಾಡುತ್ತಿದ್ದ. ಆಮೇಲೆ ಪೂರ್ಣ ಅಳತೆಯ ಮಣ್ಣಿನ ಮಾದರಿ, ಅದಕ್ಕೆ ಅಚ್ಚು ಹಾಕಿ ಪ್ಲಾಸ್ಟರ್ ಪ್ರತಿ. ಪ್ಲಾಸ್ಟರ್ ಮೇಲೆ ಲೋಹದ ಮೊಳೆಗಳನ್ನು ನೆಟ್ಟು, ಮೊಳೆಯಿಂದ ಮೊಳೆಗೆ ದೂರ ಅಳೆದು, ಆ ಬಿಂದುಗಳನ್ನು ಕಲ್ಲಿಗೆ ವರ್ಗಾಯಿಸಿ ಸಹಾಯಕರು ಕೆತ್ತುತ್ತಿದ್ದರು. ಯಜಮಾನರು ಬರುತ್ತಿದ್ದದ್ದು ಕೊನೆಗೆ. ಪೊಸ್ಸಾನ್ಯೊದಲ್ಲಿ ಅವನ ಪ್ಲಾಸ್ಟರ್‌ಗಳಿಗೆಂದೇ ಒಂದು ಸಂಗ್ರಹಾಲಯವಿದೆ. ಅಲ್ಲಿನ ಮೈಗಳ ಮೇಲೆಲ್ಲ ಕಪ್ಪು ಚುಕ್ಕೆಗಳಂತೆ ಆ ಮೊಳೆಗಳು ಇವತ್ತಿಗೂ ಕಾಣುತ್ತವೆ.

ಇದರ ತಮಾಷೆ ಕೇಳಿ. ಅದಾಮೊ ತಾದೊಲಿನಿ ಎಂಬ ಶಿಷ್ಯನಿಗೆ ಕನೋವಾ ಈ ಶಿಲ್ಪದ ಪ್ಲಾಸ್ಟರ್ ಮಾದರಿಯನ್ನು ಕೊಟ್ಟು, ಪ್ರತಿ ಮಾಡಿಕೊಳ್ಳಲು ಅನುಮತಿಯನ್ನೂ ಕೊಟ್ಟ. ಆ ಶಿಷ್ಯ ಮಾಡಿದ ಒಂದು ಪ್ರತಿ ಇಟಲಿಯ ಕೋಮೊ ಸರೋವರದ ದಂಡೆಯ ವಿಲ್ಲಾ ಕಾರ್ಲೊಟ್ಟಾದಲ್ಲಿದೆ. 1845ರಲ್ಲಿ ಅಲ್ಲಿಗೆ ಹೋದ ಫ್ರೆಂಚ್ ಕಾದಂಬರಿಕಾರ ಫ್ಲೋಬೆರ್ ಉಳಿದ ಯಾವ ಕೃತಿಯನ್ನೂ ನೋಡದೆ, ಮತ್ತೆ ಮತ್ತೆ ಇದರ ಬಳಿಗೇ ಬಂದು, ಕೊನೆಗೆ ಕಲ್ಲಿನ ಸೈಕಿಯ ಕಂಕುಳಿಗೆ ಮುತ್ತಿಟ್ಟ. ಹಾಗೆಂದು ತಾನೇ ಬರೆದುಕೊಂಡಿದ್ದಾನೆ. ಕನೋವಾನ ಕೃತಿ ಎಂದೇ ಅವನ ನಂಬಿಕೆ. ಮುತ್ತು ಸಿಕ್ಕಿದ್ದು ಶಿಷ್ಯನ ಕೆಲಸಕ್ಕೆ! ಗುರುವಿನ ಕೈ, ಶಿಷ್ಯನ ಕೈ ಎಂಬ ವ್ಯತ್ಯಾಸ ಅಷ್ಟು ದೊಡ್ಡದಾಗಿದ್ದರೆ ಆ ಮಹಾರಸಿಕನಿಗೇಕೆ ಗೊತ್ತಾಗಲಿಲ್ಲ?

ನಿವೃತ್ತ ಮೇಷ್ಟರು:

ಫ್ಲೋಬೆರ್‌ಗೆ ಆಗ ಇಪ್ಪತ್ತಮೂರು ವರ್ಷ. ಆ ವಯಸ್ಸಿನಲ್ಲಿ ಮುತ್ತಿಡುವವರು ಸಹಿ ಹುಡುಕುವುದಿಲ್ಲ.

ಉಳಿಪೆಟ್ಟು:

ನೀಲಿಶಾಯಿ ಅವರು ಹೇಳಿದ ಕ್ರಮ ಸರಿ. ಆದರೆ ಅದರಿಂದ ಹೊರಡುವ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ನಮ್ಮಲ್ಲೂ ಗುರು ಅಳತೆ ಹಾಕುತ್ತಾನೆ, ಶಿಷ್ಯರು ಮೂಲೆ ಒಡೆದು ಒರಟು ರೂಪ ತರುತ್ತಾರೆ, ಮುಖವನ್ನು ಗುರು ಮಾಡುತ್ತಾನೆ. ಕಣ್ಣು ತೆರೆಯುವ ಕೆಲಸವಂತೂ ಬೇರೆಯವರಿಗೆ ಬಿಡುವುದಿಲ್ಲ. ಹಾಗೆಂದು ವಿಗ್ರಹ ಶಿಷ್ಯನದು ಎಂದು ಯಾರೂ ಹೇಳುವುದಿಲ್ಲ. ಮೊಳೆ ನೆಟ್ಟು ಅಳೆದರೆ ಮೂಗು ಎಲ್ಲಿ ಬರಬೇಕು ಎಂದು ಗೊತ್ತಾಗುತ್ತದೆ. ಎರಡು ಮೊಳೆಗಳ ನಡುವಿನ ಕೆನ್ನೆ ಹೇಗೆ ಇಳಿಯಬೇಕು ಎಂದು ಮೊಳೆ ಹೇಳುವುದಿಲ್ಲ. ಆ ಕೊನೆಯ ಕೂದಲೆಳೆಯಷ್ಟು ದಪ್ಪದ ಪದರದಲ್ಲೇ ಚರ್ಮ ಇರುತ್ತದೆ. ಈ ಶಿಲ್ಪದಲ್ಲಿ ಮೈಗೆ ಒಂದು ಹೊಳಪು, ಸೊಂಟದ ಮೇಲಿನ ಬಟ್ಟೆಗೆ ಇನ್ನೊಂದು, ಬಂಡೆಗೆ ಹೊಳಪೇ ಇಲ್ಲ, ಉಳಿಯ ಒರಟು ಹಾಗೇ ಇದೆ. ಒಂದೇ ಕಲ್ಲಿಗೆ ಮೂರು ಸ್ವಭಾವ. ಅದನ್ನು ಎಲ್ಲಿ ನಿಲ್ಲಿಸಬೇಕು ಎಂಬ ನಿರ್ಧಾರ ಒಬ್ಬನದೇ ಆಗಿರಬೇಕು, ಇಲ್ಲದಿದ್ದರೆ ಹೊಲಿಗೆ ಕಾಣುತ್ತದೆ.

ರೈನ್‌ದಂಡೆ:

ಹೊಳಪಿನ ಬಗ್ಗೆ ಒಂದು ಮಾತು. ಪಾಲಿಶ್ ಆದ ಮೇಲೆ ಕನೋವಾ ಕೆಲವು ಶಿಲ್ಪಗಳಿಗೆ ಮೇಣ ಹಚ್ಚುತ್ತಿದ್ದ, ಇಲ್ಲವೇ ಹತಾರಗಳನ್ನು ಮಸೆಯುವ ಸಾಣೆಯ ಕೊಳೆನೀರನ್ನು ಸವರುತ್ತಿದ್ದ. ಹೊಸ ಅಮೃತಶಿಲೆಯ ಕಣ್ಣು ಚುಚ್ಚುವ ಬಿಳುಪು ಇಳಿದು ಚರ್ಮದ ಛಾಯೆ ಬರಲಿ ಎಂದು. ಅವನ ಹೀಬೆ ಎಂಬ ದೇವಕನ್ಯೆಯ ಕೈಗೆ ಚಿನ್ನದ ಮುಲಾಮಿನ ಬಟ್ಟಲು ಕೊಟ್ಟು, ತುಟಿ ಕೆನ್ನೆಗಳಿಗೆ ಸ್ವಲ್ಪ ಕೆಂಪು ತಾಗಿಸಿದ್ದಕ್ಕೆ ವಿಮರ್ಶಕರು ಮುನಿಸಿಕೊಂಡರು. ಶಿಲ್ಪವೆಂದರೆ ಬಿಳಿಯಾಗಿಯೇ ಇರಬೇಕು ಎಂಬುದು ಅವರ ಹಟ. ಹಳೆಯ ಗ್ರೀಕ್, ರೋಮನ್ ಶಿಲ್ಪಗಳಿಗೆ ಬಣ್ಣ ಬಳಿದಿರುತ್ತಿತ್ತು, ಮಣ್ಣಿನಡಿ ಶತಮಾನಗಟ್ಟಲೆ ಇದ್ದು ಅದು ಉದುರಿಹೋಗಿತ್ತು. ಆ ಬೋಳು ಬಿಳುಪನ್ನೇ ಆದರ್ಶವೆಂದು ಒಂದು ಯುಗವೇ ನಂಬಿತು. ಬಿಳುಪಿನ ಮಹಾಪುರುಷನೆಂದು ಹೆಸರಾದವನು ಗುಟ್ಟಾಗಿ ಕೊಳೆನೀರು ಸವರುತ್ತಿದ್ದ ಎನ್ನುವುದೇ ನನಗೆ ಅವನ ಮೇಲೆ ಪ್ರೀತಿ ಹುಟ್ಟಿಸಿದ ಸಂಗತಿ.

ಹಳೆಯದರ ಬಗ್ಗೆ ಅವನಿಗಿದ್ದ ಗೌರವ ಬೇರೆ ಬಗೆಯದು. ಅಥೆನ್ಸ್‌ನ ಪಾರ್ಥೆನಾನ್‌ನಿಂದ ಕಿತ್ತುತಂದ ಶಿಲ್ಪಗಳನ್ನು ರಿಪೇರಿ ಮಾಡಿಕೊಡು ಎಂದು ಬ್ರಿಟಿಷ್ ಶ್ರೀಮಂತ ಲಾರ್ಡ್ ಎಲ್ಗಿನ್ ಕೇಳಿದಾಗ ಕನೋವಾ ನಿರಾಕರಿಸಿದ. ಅವುಗಳ ಮೇಲೆ ಉಳಿ ಇಡುವುದು ಅಪಚಾರ ಎಂಬುದು ಅವನ ನಿಲುವು. ಮುರಿದ ಮೂಗಿಗೆ ಹೊಸ ಮೂಗು ಅಂಟಿಸುವುದು ಸಾಮಾನ್ಯವಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ನೆಪೋಲಿಯನ್ ಸೋತ ಮೇಲೆ, 1815ರಲ್ಲಿ, ಫ್ರೆಂಚರು ಹೊತ್ತೊಯ್ದ ಕಲಾಕೃತಿಗಳನ್ನು ಮರಳಿ ತರಲು ಪೋಪ್ ಪ್ಯಾರಿಸ್‌ಗೆ ಕಳುಹಿಸಿದ್ದೂ ಇವನನ್ನೇ.

ನೀಲಿಶಾಯಿ:

ಉಳಿಪೆಟ್ಟು ಅವರ ಮಾತಿಗೆ ಸೋತೆ ಎಂದು ಯಾರೂ ತಿಳಿಯಬೇಡಿ. ಕೈ ಅವನದೇ ಇರಲಿ. ಆರಿಸಿಕೊಂಡ ಗಳಿಗೆಯ ಬಗ್ಗೆ ನನ್ನ ತಕರಾರು ಹಾಗೇ ಇದೆ. ಆದರೆ ತುಂಗಾತೀರ ಅವರು ಪಾತ್ರೆಯ ಬಗ್ಗೆ ಹೇಳಿದ್ದನ್ನು ಯೋಚಿಸುತ್ತಿದ್ದೇನೆ. ಪಾತಾಳಕ್ಕೆ ಹೋಗಿ ಬಂದ ಸಾಕ್ಷಿ ಅದೊಂದೇ. ಅದನ್ನು ಕೆತ್ತದೆ ಬಿಟ್ಟಿದ್ದರೂ ಮುಂದಿನಿಂದ ನೋಡುವವರಿಗೆ ವ್ಯತ್ಯಾಸವಿರಲಿಲ್ಲ, ಕೊಂಡವರೂ ದುಡ್ಡು ಕಡಿಮೆ ಕೊಡುತ್ತಿರಲಿಲ್ಲ. ಆದರೂ ಕೆತ್ತಿದ್ದಾನೆ. ಅವಳ ಪ್ರಯಾಣವನ್ನು ಅವನು ಮರೆತಿರಲಿಲ್ಲ ಎಂದಷ್ಟು ಒಪ್ಪುತ್ತೇನೆ. ಹಿಂದೆ ಇಟ್ಟದ್ದು ಏಕೆ ಎಂದು ಮಾತ್ರ ಕೇಳುತ್ತಲೇ ಇರುತ್ತೇನೆ.

ನಿವೃತ್ತ ಮೇಷ್ಟರು:

ಕಥೆಯ ಕೊನೆ ಹೇಳದಿದ್ದರೆ ನೀಲಿಶಾಯಿ ಅವರಿಗೆ ಅನ್ಯಾಯ. ಎದ್ದ ಮೇಲೆ ಸೈಕಿ ಕೆಲಸ ಬಿಟ್ಟು ಕ್ಯುಪಿಡ್‌ನ ಹಿಂದೆ ಹೋಗಲಿಲ್ಲ. ಕರಂಡಕವನ್ನು ಅತ್ತೆಗೆ ತಲುಪಿಸಿಯೇ ತೀರಿದಳು. ಕ್ಯುಪಿಡ್ ದೇವರಾಜ ಜುಪಿಟರ್‌ನ ಬಳಿ ಹೋಗಿ ಮೊರೆಯಿಟ್ಟ, ದೇವಸಭೆ ಸೇರಿತು, ಅಮೃತ ಕುಡಿದು ಅವಳು ಅಮರಳಾದಳು, ಮದುವೆಯ ಊಟಕ್ಕೆ ವೀನಸ್ ಬಂದು ಕುಣಿದಳು. ಅತ್ತೆಯನ್ನು ಕುಣಿಸಿದ ಸೊಸೆಯ ಶಿಲ್ಪವನ್ನು ಯಾರಾದರೂ ಮಾಡಿದರೆ ನಾನೂ ಹೋಗಿ ನೋಡುತ್ತೇನೆ.

ತುಂಗಾತೀರ:

ನಮ್ಮ ಮನೆಯವರು ಮುಂದಿನ ತಿಂಗಳು ಕಚೇರಿ ಕೆಲಸಕ್ಕೆ ಪ್ಯಾರಿಸ್‌ಗೆ ಹೋಗುತ್ತಿದ್ದಾರೆ. ಎಲ್ಲಿ, ಹೇಗೆ ನೋಡಬೇಕು ಎಂದು ಬರೆದುಕೊಡಲು ಹೇಳಿದ್ದಾರೆ. ನೋಡಿದವರು ತಿಳಿಸಿ.

ಅರೆಬೆಳಕು:

ಮಂಗಳವಾರ ಲೂವ್ರ್‌ಗೆ ರಜೆ, ಅದನ್ನು ಮೊದಲು ಬರೆದುಕೊಳ್ಳಿ. ಡೆನೋನ್ ಭಾಗದ ನೆಲಮಹಡಿಯಲ್ಲಿ ಮೈಕೆಲೇಂಜಲೋ ಹೆಸರಿನ ಸಾಲುಮಂಟಪವಿದೆ, ಅಲ್ಲೇ ಈ ಶಿಲ್ಪ. ಮೈಕೆಲೇಂಜಲೋ ಕೆತ್ತಿದ ಇಬ್ಬರು ಸೆರೆಯಾಳುಗಳೂ ಅಲ್ಲೇ ನಿಂತಿದ್ದಾರೆ. ಮೊದಲು ಅವರನ್ನು ನೋಡಲಿ. ಅರ್ಧಂಬರ್ಧ ಬಿಟ್ಟ ಕಲ್ಲು, ಬಿಗಿದ ಮಾಂಸಖಂಡ, ಎಲ್ಲವೂ ಬೇರೆ. ಆಮೇಲೆ ಇಲ್ಲಿಗೆ ಬಂದರೆ ಎರಡು ಕಾಲಗಳು ಕಲ್ಲನ್ನು ಹೇಗೆ ಕಂಡವು ಎಂದು ಯಾರೂ ವಿವರಿಸಬೇಕಾಗಿಲ್ಲ. ಮುಂದಿನ ಬದಿಯಲ್ಲಿ ಮೊಬೈಲ್ ಹಿಡಿದವರ ಗುಂಪು ಸದಾ ಇರುತ್ತದೆ. ಹಿಂದಿನ ಬದಿ ಹೆಚ್ಚಾಗಿ ಖಾಲಿ. ಅಲ್ಲಿಂದಲೇ ಆರಂಭಿಸಲಿ. ಮುಟ್ಟಲು ಹೋಗಬಾರದು, ಹಿಡಿಯನ್ನಂತೂ ಖಂಡಿತ ಅಲ್ಲ.

ಉಳಿಪೆಟ್ಟು:

ಹೋದವರಿಂದ ನನಗೊಂದು ಉಪಕಾರವಾಗಬೇಕು. ಮುಖದ ಫೋಟೋ ಬೇಡ, ಅದು ಬೇಕಾದಷ್ಟಿದೆ. ಬಂಡೆಯ ಮೇಲೆ ಉಳಿದಿರುವ ಉಳಿಯ ಗುರುತುಗಳನ್ನು ಹತ್ತಿರದಿಂದ ತೆಗೆದು ಕಳುಹಿಸಲಿ. ಹಲ್ಲುಳಿಯ ಸಮಾನಾಂತರ ಗೀರುಗಳೋ, ಚೂಪು ಉಳಿಯ ಚುಚ್ಚುಗಳೋ ತಿಳಿಯಬೇಕು. ಹಾಗೆಯೇ ತೋಳು ಹೆಗಲಿಗೆ ಸೇರುವ ಒಳಮೂಲೆಯದೊಂದು, ಸಾಧ್ಯವಾದರೆ ಕೆಳಗಿನಿಂದ. ಬೈರಿಗೆಯ ತೂತಿನ ತಳ ಅಲ್ಲಿ ಎಲ್ಲಾದರೂ ಉಳಿದಿದೆಯೇ ನೋಡಬೇಕು.